ಬರೀ ಟಕ್

ಲಿಂಗರಾಜಪುರದ ಟ್ರಾನ್ಸ್‌ಫಾರ್ಮರಿಗೆ ಜೀವ ಬಂದು
ಮೂರನೇ ಕ್ರಾಸಿನ ಫ್ಯಾನುಗಳೆಲ್ಲ ತಿರುಗಿದ ಮೇಲೆ,
"ಬಂತು ಬಂತು" ಅಂತ ಮಹಡಿ ಮೇಲಿನ ಮಕ್ಕಳು ಕೂಗಿ,
ಒಳಗೆ ಹೋಗಿ, ಬಾಗಿಲು ಹಾಕಿಕೊಂಡ ಮೇಲೆ,
ರಾತ್ರಿ ಎರಡೂಕಾಲಿಗೆ
ಹೆಲ್ಮೆಟ್ಟು ಹಾಕಿ, ಕೀಲಿ ತಿರುಗಿಸಿ,
ಗುಂಡಿ ಒತ್ತಿದೆ.

ಟಕ್.

ಇಷ್ಟೇ. ಮತ್ತೆ ಒತ್ತಿದೆ.
ಟಕ್.
ಹಲ್ಲಿ ಲೊಚಗುಟ್ಟಿದರೆ ಶಕುನ ನೋಡಬಹುದು,
ಇದಕ್ಕೆ ಯಾವ ಪಂಚಾಂಗ?

ಕಿಕ್ಕರ್ ಇಲ್ಲದ ಗಾಡಿ. ಕೊಳ್ಳುವಾಗ ಶೋರೂಮಿನ ಹುಡುಗ
"ಈಗೆಲ್ಲ ಯಾರ್ ಸಾರ್ ಒದೀತಾರೆ" ಅಂದಿದ್ದ.
ಒದೆಯಬೇಕೆನಿಸಿತು, ಅವನನ್ನು.

ಹದಿನೇಳು ವರ್ಷದ ಲೈನ್‌ಮನ್ ನಾನು.
ಏರಿಯಾಕ್ಕೆಲ್ಲ ಕರೆಂಟು ಹಂಚುವವನ
ತೊಡೆ ಕೆಳಗೇ ಕತ್ತಲೆ.
ಕಂಬದ ಬುಡದ ನಾಯಿ ಒಮ್ಮೆ ಕತ್ತೆತ್ತಿ ನೋಡಿ
ಮತ್ತೆ ತನ್ನ ಬಾಲದೊಳಗೆ ಸುತ್ತಿಕೊಂಡಿತು.

ಕತ್ತಲೆ ಅನ್ನುವುದೂ ಸುಳ್ಳು. ಹೆಡ್‌ಲೈಟು ಉರಿಯುತ್ತಿದೆ,
ಎದುರು ಗೇಟಿನ ಟೂಲೆಟ್ ಬೋರ್ಡಿನ ಫೋನ್ ನಂಬರು ಓದುವಷ್ಟು.
ಹಾರ್ನು ಒತ್ತಿದೆ, ತಪ್ಪಾಯಿತು:
ಯಾವುದೋ ಕಿಟಕಿ ತಮಿಳಿನಲ್ಲಿ ಬೈಯಿತು.

ಸರಿ, ಒಂದೊಂದೇ.
ಕೆಂಪು ಸ್ವಿಚ್ಚು ಸರಿಯಾಗೇ ಇದೆ. ಸ್ಟ್ಯಾಂಡು ಮೇಲಿದೆ.
ಕ್ಲಚ್ಚು ಹಿಡಿದೆ, ಬಿಟ್ಟೆ, ಹಿಡಿದೆ.
ನ್ಯೂಟ್ರಲ್ಲಿನ ಹಸಿರು ಚುಕ್ಕಿ ಪಿಳಿಪಿಳಿ ನೋಡುತ್ತಿದೆ.
ಫ್ಯೂಸು ಕಿತ್ತು ಬೀದಿದೀಪಕ್ಕೆ ಹಿಡಿದೆ,
ಒಳಗಿನ ಎಳೆ ತುಂಡಾಗಿಲ್ಲ.
ಸೀಟು ಬಿಚ್ಚಿ ಮೀಟರಿನ ಕಡ್ಡಿ ಇಟ್ಟರೆ
ಬ್ಯಾಟರಿಯಲ್ಲಿ ಹನ್ನೆರಡೂವರೆ ವೋಲ್ಟು, ಕಲ್ಲಿನ ಹಾಗೆ.
ರಿಲೇ ತನ್ನ ಮಾತು ಹೇಳುತ್ತಲೇ ಇದೆ
ಮೋಟಾರಿಗೆ ಕೇಳುತ್ತಿಲ್ಲ.
ನಾಡಿ ಇದೆ, ಉಸಿರಿದೆ, ಎದ್ದು ಕೂರಲಾರ.

ಆಗ ಬಂದ ಸೈಕಲ್ಲಿನ ಟೀಯವನು,
ಫ್ಲೈಓವರಿನ ಇಳಿಜಾರಿನಲ್ಲಿ ಬ್ರೇಕು ಕಿರುಗುಟ್ಟಿಸುತ್ತ,
ಹಿಂದೆ ಸ್ಟೀಲಿನ ಕ್ಯಾನು, ಮುಂದೆ ಬನ್ನಿನ ಚೀಲ.
ಪಿಳ್ಳಮುನಿಯಪ್ಪ ಅಂತ ಹೆಸರು, ನಾನು ಕೇಳದೆಯೇ ಹೇಳಿದ.
ಕಾಗದದ ಲೋಟ ಕೊಟ್ಟ, ಟಾರ್ಚು ಹಿಡಿದ,
ಸ್ವಲ್ಪ ಹೊತ್ತು ಸುಮ್ಮನಿದ್ದ.

"ಹೋಗೋ ವೈರೆಲ್ಲ ನೋಡಿದ್ರಿ. ಬರೋ ವೈರು?"

"ಬರೋದಾ?"

"ನಂ ಸೈಕಲ್ ಡೈನಮೋಗೆ ಒಂದೇ ವೈರು ಸಾರ್.
ಇನ್ನೊಂದು ಈ ಕಬ್ಬಿಣಾನೇ.
ತುಕ್ಕು ಹಿಡೀತು ಅಂದ್ರೆ ಎಷ್ಟು ತುಳಿದ್ರೂ ದೀಪ ಇಲ್ಲ."

ಟೀ ಗಂಟಲಲ್ಲಿ ನಿಂತಿತು.
ಅರ್ತ್.
ಮನೆಮನೆಗೆ ಹೋಗಿ, ಗುಂಡಿಗೆ ನೀರು ಹಾಕ್ರೀ,
ಉಪ್ಪು ಇದ್ದಿಲು ತುಂಬ್ರೀ,
ಒಂದಿನ ಸಾಯ್ತೀರಾ ಅಂತ ಬೈದು ಬರುವವನು ನಾನೇ!

ಒಂದು ಕಡ್ಡಿ ಬ್ಯಾಟರಿಯ ಕಪ್ಪು ಕೊನೆಗೆ,
ಇನ್ನೊಂದು ಎಂಜಿನ್ನಿನ ಬರಿಮೈಗೆ.
ಒತ್ತು ಅಂದೆ.
ತುಳಸಿಗೆ ಕುಂಕುಮ ಇಡುವ ಹಾಗೆ
ಉಂಗುರಬೆರಳಿನಲ್ಲಿ ಒತ್ತಿದ.

ಸೊನ್ನೆ ಇರಬೇಕಾದಲ್ಲಿ ಒಂಬತ್ತು.

ಸೊನ್ನೆಯೂ ಕಡಿಮೆ ಬೀಳಬಹುದು ಎಂದು
ಲೆಕ್ಕದ ಮೇಷ್ಟ್ರು ಹೇಳಿರಲಿಲ್ಲ.

ಎಂಜಿನ್ನಿನ ಹಿಂದೆ, ಚೈನಿನ ಜಿಡ್ಡಿನೊಳಗೆ, ಒಂದು ಬೋಲ್ಟು.
ಬಿಚ್ಚಿದರೆ ಅಡಿಯಲ್ಲಿ ಹಸಿರು ಕಿಲುಬು,
ದೇವರ ಗೂಡಿನ ತೊಳೆಯದ ಪಂಚಪಾತ್ರೆಯಂತೆ.
ಆಷಾಢದಲ್ಲಿ ರೈಲ್ವೆ ಅಂಡರ್‌ಪಾಸಿನ ನೀರಿನಲ್ಲಿ
ಸೈಲೆನ್ಸರು ಮುಳುಗುವಷ್ಟು ಇಳಿದು ದಾಟಿದ್ದೆ.
ನಾನು ಮರೆತಿದ್ದೆ. ತಾಮ್ರ ಮರೆತಿರಲಿಲ್ಲ.

ಉಜ್ಜಲು ಏನೂ ಇರಲಿಲ್ಲ. ಅವನ ಬೆಂಕಿಪೊಟ್ಟಣದ
ಒರಟು ಮಗ್ಗುಲಿನಿಂದ ತಿಕ್ಕಿದೆ,
ಮೂರು ಬೀಡಿಗಾಗುವಷ್ಟು ಮದ್ದು ಸವೆಸಿ,
ತಾಮ್ರ ಎಳೆಗೂಸಿನ ಅಂಗಾಲಿನ ಬಣ್ಣಕ್ಕೆ ಬರುವ ತನಕ.
ಬಿಗಿದೆ.
ಒತ್ತಿದೆ.

ಕಿಟಕಿ ಮತ್ತೆ ಬೈಯಿತು. ನಾಯಿ ಎದ್ದು ಬೊಗಳಿತು.
ಎಂಜಿನ್ನಿನ ಸದ್ದಿನಲ್ಲಿ ನನಗೆ ಎರಡೂ ಕೇಳಿಸಲಿಲ್ಲ, ಬಾಯಿ ಮಾತ್ರ ಕಂಡಿತು.

ಜೇಬಿನಲ್ಲಿ ಐನೂರರ ನೋಟು. ಅವನಲ್ಲಿ ಚಿಲ್ಲರೆ ಇಲ್ಲ.
ನನ್ನ ಫೋನು ಸತ್ತು ಗಂಟೆಯಾಗಿತ್ತು.
"ಕರೆಂಟು ಹೋದಾಗ ಬರ್ತೀರಲ್ಲ, ಆಗ ಕೊಡಿ" ಅಂದ,
ನಗದೆ.

ಹೆಣ್ಣೂರು ಸಿಗ್ನಲ್ಲಿನಲ್ಲಿ ಕೆಂಪು. ಒಂದು ನರಪಿಳ್ಳೆಯಿಲ್ಲ.
ಗಾಡಿ ಆಫ್ ಮಾಡಲು ಧೈರ್ಯ ಬರಲಿಲ್ಲ.

ಆಫೀಸಿನ ದೂರು ಪುಸ್ತಕದಲ್ಲಿ ಬರೆದೆ:
ಲಿಂಗರಾಜಪುರ, ಮೂರನೇ ಕ್ರಾಸು, ಸರಿಪಡಿಸಲಾಗಿದೆ.
ಅದರ ಕೆಳಗೆ, ಪೆನ್ಸಿಲಿನಲ್ಲಿ:
ಟೀ, ಹತ್ತು ರೂಪಾಯಿ, ಬಾಕಿ.